ರೊಟ್ಟಿ ಬಡಿಯುವ ಹೊತ್ತಿಗೆ ಮಕ್ಕಳನ್ನೂ ಕರೆಯಿರಿ: ಮನೆಯ ದಿನನಿತ್ಯದ ಖುಷಿ ಮಕ್ಕಳಿಗೂ ಕಾಣುವಂತೆ ಮಾಡುವುದು ಹೇಗೆ?

"ಈ ಹುಡುಗರಿಗೆ ಯಾವುದರ ಕಿಮ್ಮತ್ತೂ ಇಲ್ಲ ನೋಡ್ರಿ." ವಿಜಯಪುರ, ಬಾಗಲಕೋಟೆ ಕಡೆ ನಾಲ್ಕು ಮಂದಿ ತಾಯಂದಿರು ಕೂಡಿದರೆ ಈ ಮಾತು ಬಂದೇ ಬರುತ್ತದೆ. ಬಿಸಿ ರೊಟ್ಟಿ ತಟ್ಟೆಗೆ ಬಿದ್ದರೂ ಕಣ್ಣು ಮೊಬೈಲ್‌ನಲ್ಲಿ. ಆಯಿ (ಅಜ್ಜಿ) ಏನೋ ಹೇಳುತ್ತಿದ್ದರೆ ಕಿವಿಯಲ್ಲಿ ಇಯರ್‌ಫೋನ್. ಗೋವಾಕ್ಕೆ ಹೋಗಿದ್ದು ನೆನಪಿರುತ್ತದೆ. ಕರೆಂಟ್ ಹೋದ ರಾತ್ರಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗಿ ಹರಟೆ ಹೊಡೆದದ್ದು ಮಾತ್ರ ಲೆಕ್ಕಕ್ಕೇ ಇಲ್ಲ.

ಆದರೆ ಕಿಮ್ಮತ್ತು ಎನ್ನುವುದು ಬಾಯಲ್ಲಿ ಹೇಳಿದರೆ ಬರುವಂಥದ್ದಲ್ಲ. ಮಕ್ಕಳ ಮನಸ್ಸಿಗೆ ಇಳಿಯುವುದು ಎರಡು. ತಾವೇ ಕೈಹಾಕಿ ಮಾಡಿದ್ದು ಒಂದು. ಆಮೇಲೆ ಯಾರೋ ಪಕ್ಕದಲ್ಲಿ ಕೂತು ಅದರ ಬಗ್ಗೆ ಮಾತಾಡಿದ್ದು ಇನ್ನೊಂದು. ಬರೀ ನೋಡುತ್ತಾ ಕೂತ ಮಗುವಿಗೆ ಮನೆ ಅಂದರೆ ಊಟ ಸಿಗುವ ಜಾಗ, ಅಷ್ಟೇ. ಕೆಳಗಿನ ಹಂತಗಳೆಲ್ಲ ಈ ಎರಡಕ್ಕೇ ಸಂಬಂಧಿಸಿದವು: ಮಗುವಿನ ಕೈಗೊಂದು ಕೆಲಸ, ಆಮೇಲೆ ಒಂದಿಷ್ಟು ಮಾತು. ಇದಕ್ಕೆ ದುಡ್ಡು ಬೇಕಾಗಿಲ್ಲ. ಸ್ವಲ್ಪ ತಾಳ್ಮೆ ಬೇಕು, ಅಡುಗೆಮನೆ ಸ್ವಲ್ಪ ಹೊಲಸಾಗುವುದನ್ನು ಸಹಿಸಿಕೊಳ್ಳಬೇಕು.

1. ಹೊಸದೇನೂ ಹುಡುಕಬೇಡಿ, ಇರುವುದರಲ್ಲಿ ಒಂದನ್ನು ಆರಿಸಿ

"ಇನ್ಮೇಲೆ ವಾರಕ್ಕೊಂದು ಫ್ಯಾಮಿಲಿ ಡೇ ಮಾಡೋಣ" ಎಂದು ಶುರು ಮಾಡಿದ ಮನೆಗಳಲ್ಲಿ ಅದು ಮೂರನೇ ವಾರಕ್ಕೇ ನಿಂತುಹೋಗುತ್ತದೆ. ಹೊಸ ಕಾರ್ಯಕ್ರಮ ಅಂದರೆ ಹೊಸ ಕೆಲಸ, ಅಲ್ವಾ? ಅದರ ಬದಲು ನಿಮ್ಮ ಮನೆಯಲ್ಲಿ ಹೇಗಿದ್ದರೂ ನಡೆಯುವ ಹೊತ್ತುಗಳನ್ನು ನೋಡಿ. ಸಂಜೆ ರೊಟ್ಟಿ ಬಡಿಯುವುದು. ನಲ್ಲಿಗೆ ನೀರು ಬಂದ ದಿನ ಕೊಡ, ಬ್ಯಾರಲ್ ತುಂಬಿಸುವ ಗಡಿಬಿಡಿ. ಸಂತೆಯಿಂದ ತಂದ ಕಾಯಿಪಲ್ಯ ಸೋಸುವುದು. ಶೇಂಗಾ ಸುಲಿಯುವುದು. ಬೇಸಿಗೆಯಲ್ಲಿ ಮಾಳಿಗೆಗೆ ನೀರು ಹೊಡೆದು ಹಾಸಿಗೆ ಹಾಸುವುದು. ಸಂಜೆಯ ಚಹಾ.

ಇವುಗಳಲ್ಲಿ ಒಂದೇ ಒಂದನ್ನು ಆರಿಸಿ. ಕೈಗೆ ಕೆಲಸವಿದ್ದು ಬಾಯಿ ಖಾಲಿ ಇರುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಶೇಂಗಾ ಸುಲಿಯುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಾಗಾಗಿ ಮಕ್ಕಳ ಬಾಯಿಂದ ಶಾಲೆಯ ಜಗಳ, ಭಯ, ಗುಟ್ಟು ಎಲ್ಲ ತಾನಾಗಿಯೇ ಹೊರಬೀಳುತ್ತವೆ. ಎದುರಿಗೆ ಕೂರಿಸಿಕೊಂಡು "ಹೇಳು, ಏನಾಯ್ತು?" ಎಂದರೆ ಬರುವ ಉತ್ತರ ನಿಮಗೆ ಗೊತ್ತೇ ಇದೆ: "ಏನಿಲ್ಲ."

ಅರ್ಧ ಗಂಟೆಗಿಂತ ಉದ್ದ ಬೇಡ. ಪರೀಕ್ಷೆಯ ದಿನಗಳಲ್ಲಿ ಶುರು ಮಾಡಬೇಡಿ.

2. ಆಟದ ಕೆಲಸ ಬೇಡ, ನಿಜವಾದ ಕೆಲಸ ಕೊಡಿ

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಅಮೆರಿಕದ ಮನಃಶಾಸ್ತ್ರಜ್ಞೆ ಬಾರ್ಬರಾ ರೋಗಾಫ್ ಗ್ವಾಟೆಮಾಲಾ, ಮೆಕ್ಸಿಕೊದ ಮೂಲನಿವಾಸಿ ಕುಟುಂಬಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅಲ್ಲಿ ಮಕ್ಕಳು ದೊಡ್ಡವರ ಕೆಲಸವನ್ನು ನೋಡುತ್ತಾ, ನಡುವೆ ನುಗ್ಗಿ ಕೈಹಾಕುತ್ತಾ ಕಲಿಯುತ್ತಾರೆ. ಯಾರೂ ಪಾಠ ಮಾಡುವುದಿಲ್ಲ. ನಮ್ಮ ಹಳ್ಳಿಗಳಲ್ಲೂ ಇದ್ದದ್ದು ಇದೇ. ಶಾಲೆ, ಟ್ಯೂಷನ್, ಮೊಬೈಲ್ ಸೇರಿ ಮಕ್ಕಳನ್ನು ಆ ಕೆಲಸದಿಂದ ದೂರ ಕೂರಿಸಿದವು. "ನೀ ಓದ್ಕೋ ಹೋಗು, ನಾ ಮಾಡ್ತೀನಿ" ಎಂದು ನಾವೂ ಕಳಿಸಿಬಿಟ್ಟೆವು.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಜಿಗುಟು ಬರುವುದಿಲ್ಲ. ಅದಕ್ಕೇ ಎಸರು ಇಟ್ಟು, ಕುದಿಯುವ ನೀರು ಹಾಕಿ ಕಲಸುವುದು. ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟು ಬಿಡುತ್ತದೆ. ಈ ಒಂದು ವಿಷಯವನ್ನು ಮಗುವಿಗೆ ಕೈಯಲ್ಲೇ ತೋರಿಸಬಹುದು. ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ, ಇನ್ನೊಂದು ಹಿಡಿಯನ್ನು ಎಸರಲ್ಲಿ ಕಲಸಿ. ಎರಡನ್ನೂ ಬಡಿದು ನೋಡಲಿ. ತಣ್ಣೀರಿನದು ಅಂಚಿನಲ್ಲಿ ಸೀಳಿ ಬಿಡುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದು ಸಿಗಲಿಕ್ಕಿಲ್ಲ.

ವಯಸ್ಸಿಗೆ ತಕ್ಕ ಹಾಗೆ ಕೆಲಸ ಹಂಚಿ:

- ಮೂರು, ನಾಲ್ಕು ವರ್ಷದವರು ಆರಿದ ಹಿಟ್ಟಿನ ಸಣ್ಣ ಉಂಡೆ ಮಾಡಲಿ. ಒಣ ಹಿಟ್ಟು ಉದುರಿಸಲಿ. ನೆಲಕ್ಕೂ ಉದುರುತ್ತದೆ, ಇರಲಿ.
- ಆರು, ಏಳು ವರ್ಷದವರು ತಮ್ಮ ಅಂಗೈ ಅಗಲದ ರೊಟ್ಟಿ ಬಡಿಯಲಿ. ಹಂಚಿಗೆ ಹಾಕುವುದು ನೀವು.
- ಒಂಬತ್ತು, ಹತ್ತಕ್ಕೆ ನೀವು ಪಕ್ಕದಲ್ಲಿದ್ದರೆ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬಹುದು. ಹಿಟ್ಟು ಇರುವ ಮಗ್ಗುಲು ಮೇಲೆ ಬರಬೇಕು, ನೀರು ಆರಿದ ಮೇಲೆ ತಿರುವಬೇಕು, ಯಾವಾಗ ಉಬ್ಬುತ್ತದೆ ಎಂದು ಕಾಯಬೇಕು. ಕಾಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.
- ಹನ್ನೆರಡು, ಹದಿಮೂರು ದಾಟಿದವರು ವಾರಕ್ಕೊಮ್ಮೆ ಮನೆಮಂದಿಗೆಲ್ಲ ರೊಟ್ಟಿ ಮಾಡಬಹುದು.

ಕುದಿಯುವ ಎಸರನ್ನು ಮಾತ್ರ ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಿ. ಹಿಟ್ಟು ಆರಿದ ಮೇಲೇ ಕರೆಯಿರಿ.

ಎರಡು ಮಾತು ತಪ್ಪದೆ ಪಾಲಿಸಬೇಕು. ಮೊದಲನೆಯದು, ಮಗು ಮಾಡಿದ ರೊಟ್ಟಿಯನ್ನು ನೀವು ಮತ್ತೆ ಮುದ್ದೆ ಮಾಡಿ ಬಡಿಯಬೇಡಿ. ಅಂಚು ಹರಿದಿದ್ದರೂ, ಭಾರತದ ನಕಾಶೆಯಂತಿದ್ದರೂ ಅದೇ ಬೇಯಬೇಕು, ಅದೇ ಯಾರದಾದರೂ ತಟ್ಟೆಗೆ ಬೀಳಬೇಕು. ಮುತ್ಯಾನ (ಅಜ್ಜನ) ತಟ್ಟೆಗೆ ಬಿದ್ದರೆ ಇನ್ನೂ ಚೆಂದ. "ಇದು ಯಾರ ರೊಟ್ಟಿ?" ಎಂದು ಮುತ್ಯಾ ಕೇಳಿದರೆ ಸಾಕು. "ಭಾಳ ಛಲೋ ಆಗೇದ ಬಿಡು" ಎಂದು ಅತಿಯಾಗಿ ಹೊಗಳುವುದು ಬೇಡ. ತಿಂದರೆ ಆಯಿತು, ಅದೇ ದೊಡ್ಡ ಹೊಗಳಿಕೆ.

ಎರಡನೆಯದು, ಗಂಡುಮಕ್ಕಳನ್ನೂ ಕೂರಿಸಿ. "ಗಂಡ್ಸ ಆಗಿ ಒಲಿ ಮುಂದ ಕುಂದರ್ತಿ ಏನು?" ಎನ್ನುವ ಮಾತು ನಮ್ಮ ಕಡೆ ಇನ್ನೂ ಇದೆ, ಅದೂ ಹೆಚ್ಚಾಗಿ ಹೆಂಗಸರ ಬಾಯಲ್ಲೇ. ಇಂಥ ಮಾತು ಕೇಳಿ ಬೆಳೆದ ಹುಡುಗನಿಗೆ ಅವ್ವನ ಸಂಜೆ ಹೇಗಿರುತ್ತದೆ ಎಂಬುದೇ ತಿಳಿಯುವುದಿಲ್ಲ. ತಿಳಿಯದ್ದಕ್ಕೆ ಅವನು ಕಿಮ್ಮತ್ತು ಎಲ್ಲಿಂದ ಕೊಟ್ಟಾನು? ಅಪ್ಪ ಒಂದು ದಿನ ಕೂತು ಬಡಿದರೆ ಈ ಸಮಸ್ಯೆ ಅರ್ಧ ಮುಗಿದ ಹಾಗೆ.

ರೊಟ್ಟಿ ಬೇಡದಿದ್ದರೆ ಬೇರೆ ಕೆಲಸ ಇದ್ದೇ ಇದೆ. ಗುರೆಳ್ಳು ಹುರಿಯುವಾಗ ಚಟಪಟ ಸದ್ದು ನಿಂತಿತೋ ಇಲ್ಲವೋ ಕೇಳಿ ಹೇಳುವುದು. ಚುರುಮುರಿ ತೊಯಿಸಿ ಹಿಂಡುವುದು. ನೀರು ಬಂದ ದಿನ ಯಾವ ಕೊಡ ತುಂಬಿತು ಎಂದು ಕೂಗುವುದು. ಮಗು ಆ ಕೆಲಸ ಬಿಟ್ಟರೆ ಮನೆಯಲ್ಲಿ ಏನಾದರೂ ನಿಲ್ಲಬೇಕು. ನಿಜವಾದ ಕೆಲಸ ಎಂದರೆ ಅದು. ಸುಮ್ನೆ ಕೈಗೆ ಲಟ್ಟಣಿಗೆ ಕೊಟ್ಟು "ಆಡ್ಕೋ" ಎಂದರೆ ಮಕ್ಕಳಿಗೆ ಅದು ಒಂದೇ ದಿನದಲ್ಲಿ ಗೊತ್ತಾಗಿಬಿಡುತ್ತದೆ.

3. ಆ ಅರ್ಧ ಗಂಟೆ ಎಲ್ಲರ ಫೋನೂ ದೂರ

ಎಲ್ಲರ ಅಂದರೆ ಎಲ್ಲರ. ಅಪ್ಪನ ಫೋನು ಕೈಯಲ್ಲಿದ್ದು ಮಗನ ಫೋನನ್ನು ಕಸಿದುಕೊಂಡರೆ ಅದು ನಿಯಮ ಅಲ್ಲ, ಜುಲುಮೆ. ಗೋಡೆಯ ಗೂಡಿನಲ್ಲೋ ಟಿವಿ ಮೇಲೋ ಎಲ್ಲವನ್ನೂ ಒಟ್ಟಿಗೆ ಇಡಿ. ಕರೆ ಬಂದರೆ ಎದ್ದು ಹೋಗಿ ಮಾತಾಡಿ ಬರಬಹುದು.

ಸಣ್ಣ ಮಕ್ಕಳ ಮಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಫೋಟೋ ವಿಷಯ ಬೇರೆ. "ನೆನಪಿಗಿರಲಿ" ಎಂದೇ ಫೋಟೋ ತೆಗೆಯುತ್ತೇವೆ. ಆದರೆ ಲಿಂಡಾ ಹೆಂಕೆಲ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉಲ್ಟಾ ಫಲ ಬಂತು. ಮ್ಯೂಸಿಯಂನಲ್ಲಿ ವಸ್ತುಗಳನ್ನು ಬರೀ ನೋಡಿದವರಿಗಿಂತ ಫೋಟೋ ತೆಗೆದವರಿಗೇ ಅವು ಕಡಿಮೆ ನೆನಪಿದ್ದವು. ಒಂದು ಭಾಗವನ್ನು ಹತ್ತಿರಕ್ಕೆಳೆದು ಗಮನವಿಟ್ಟು ತೆಗೆದವರಿಗೆ ಮಾತ್ರ ಆ ನಷ್ಟ ಆಗಲಿಲ್ಲ. ಹಾಗಾಗಿ ಫೋಟೋ ಬೇಕಿದ್ದರೆ ಒಂದೇ ಒಂದು ತೆಗೆಯಿರಿ, ಅದೂ ಮಗುವೇ ಆರಿಸಿದ್ದನ್ನು. ಆಯಿಯ ಕೈಬಳೆಯೋ, ಹಂಚಿನ ಮೇಲೆ ಉಬ್ಬಿದ ರೊಟ್ಟಿಯೋ. ಎಲ್ಲರೂ ಸಾಲಾಗಿ ನಿಂತು ಹಲ್ಲು ಬಿಡುವ ಫೋಟೋ ಮದುವೆಗೆ ಸಾಕು.

4. ಆಮೇಲೆ ಮಾತಾಡಿ, ಆದರೆ ಪರೀಕ್ಷೆ ಮಾಡಬೇಡಿ

ಒಂದು ದಿನ ಕಳೆದ ಮೇಲೆ, ಮಲಗುವ ಮುಂಚೆ, ಆದದ್ದನ್ನು ಮಗುವಿನ ಜೊತೆ ಮತ್ತೆ ಹೇಳಿಕೊಳ್ಳಿ. ರಾಬಿನ್ ಫೈವುಶ್, ಎಲೇನ್ ರೀಸ್ ಮುಂತಾದ ಸಂಶೋಧಕರು ಹಲವು ವರ್ಷ ನೋಡಿದ್ದು ಇದನ್ನೇ. ತಾಯಿ ತೆರೆದ ಪ್ರಶ್ನೆ ಕೇಳುತ್ತಾ, ಮಗು ಹೇಳಿದ್ದಕ್ಕೆ ತನ್ನದೊಂದು ಎಳೆ ಸೇರಿಸುತ್ತಾ ಹೋದರೆ, ಆ ಮಕ್ಕಳು ಮುಂದೆ ತಮ್ಮ ನೆನಪುಗಳನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ. ಒಂದೇ ಪ್ರಶ್ನೆಯನ್ನು ತಿರುಗಾಮುರುಗಾ ಕೇಳಿ ಸರಿ ಉತ್ತರಕ್ಕೆ ಕಾಯುವ ತಾಯಂದಿರ ಮಕ್ಕಳಲ್ಲಿ ಅಷ್ಟು ಬೆಳವಣಿಗೆ ಕಾಣುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ (ನೈವೇದ್ಯ) ಚೆಲ್ಲಿ ಬಂದ ಮೇಲೆ ಆಯಿ, ಮೊಮ್ಮಗನ ಮಾತು ಹೀಗಿರಬಹುದು:

"ಆಯಿ, ನಿನ್ನೆ ನಾವು ಹೊಲಕ್ಕ ಹೋಗಿದ್ವಿ."
"ಹೌದಲ್ಲ. ಬಂಡ್ಯಾಗ ಯಾರ್ ಯಾರ್ ಇದ್ರು?"
"ನಾನು, ಕಾಕಾ, ಅಕ್ಕ."
"ಅಕ್ಕ ಏನ ಹಿಡಕೊಂಡಿದ್ಲು?"
"ಬುಟ್ಟಿ. ಅದರಾಗ ಕಡಬು ಇತ್ತು. ನಾ ಒಂದು ಕದ್ದ ತಿಂದೆ."
"ಅಯ್ಯ! ಚರಗ ಚೆಲ್ಲೂಕಿಂತ ಮೊದಲ ತಿಂದಿ? ನಿಮ್ಮಪ್ಪನೂ ಸಣ್ಣಾಂವ ಇದ್ದಾಗ ಹಂಗ ಮಾಡ್ತಿದ್ದ."

ಇಲ್ಲಿ ಆಯಿ "ಎಷ್ಟು ಕಡಬು ಇದ್ದವು? ಯಾವ ಕಡಬು?" ಎಂದು ಲೆಕ್ಕ ಕೇಳಲಿಲ್ಲ. ಕದ್ದದ್ದಕ್ಕೆ ಬೈಯಲಿಲ್ಲ. ಅಪ್ಪನನ್ನೂ ಕಥೆಯೊಳಗೆ ಎಳೆದು ತಂದಳು. ಆ ಹುಡುಗನಿಗೆ ಕಡಬಿನ ಜೊತೆ ಅಪ್ಪನ ಬಾಲ್ಯವೂ ಸೇರಿಕೊಂಡು ನೆನಪಾಗಿ ಉಳಿಯುತ್ತದೆ.

ಶಾಲೆಯ ಬಗ್ಗೆ ಕೇಳುವಾಗಲೂ ಇದೇ ದಾರಿ. "ಇವತ್ತು ಸಾಲಿ ಹೆಂಗಿತ್ತು?" ಬೇಡ. "ಇವತ್ತು ಯಾರ ಡಬ್ಬಿ ಛಲೋ ಇತ್ತು?" ಎಂದು ಕೇಳಿ. ನಿಮ್ಮ ದಿನದ್ದೂ ಒಂದು ಸುದ್ದಿ ಹೇಳಿ. ಆಫೀಸಿನಲ್ಲಿ ನಗು ಬಂದದ್ದು, ಬಸ್ ಸ್ಟ್ಯಾಂಡ್‌ನಲ್ಲಿ ಕಂಡದ್ದು, ಏನಾದರೂ ಸರಿ. ನೀವು ಏನೂ ಹೇಳದೆ ಮಕ್ಕಳಿಂದ ಮಾತ್ರ ಕೇಳಿದರೆ ಅದು ವಿಚಾರಣೆ ಆಗುತ್ತದೆ.

ಮಗು ತಪ್ಪಾಗಿ ನೆನಪಿಟ್ಟುಕೊಂಡಿದ್ದರೆ? ಸುಮ್ಮನೆ ಬಿಡಿ. ಬಂಡಿಯಲ್ಲಿ ಕಾಕಾ ಇದ್ದನೋ ಮಾವ ಇದ್ದನೋ ಎನ್ನುವುದು ಕೋರ್ಟಿನ ಸಾಕ್ಷಿ ಅಲ್ಲ.

5. ಹಿರಿಯರ ಕಥೆಗಳನ್ನು ಮಕ್ಕಳಿಂದಲೇ ಕೇಳಿಸಿ

ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಮಕ್ಕಳಿಗಾಗಿ 20 ಪ್ರಶ್ನೆಗಳ ಪಟ್ಟಿ ಮಾಡಿದರು. ಅಪ್ಪ ಅಮ್ಮ ಎಲ್ಲಿ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ನೀನು ಹುಟ್ಟಿದ ದಿನ ಏನಾಯಿತು, ಇಂಥವು. ಇವುಗಳಿಗೆ ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ಭರವಸೆ ಹೆಚ್ಚಿತ್ತು. ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವನೆಯೂ ಜಾಸ್ತಿ ಇತ್ತು. ಹಾಗಂತ ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಆಗುವುದಿಲ್ಲ. ಊಟದ ಹೊತ್ತಿಗೆ ಇಂಥ ಮಾತು ನಡೆಯುವ ಮನೆಯಲ್ಲಿ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ. ಆ ಮಾತುಕತೆಯೇ ಇಲ್ಲಿ ಮುಖ್ಯ.

ನಮ್ಮ ಕಡೆಗೆ ಹೊಂದುವ ಕೆಲವು ಪ್ರಶ್ನೆಗಳು:

- ಆಯಿ, ನಿನ್ನ ಮದುವಿಗೆ ಯಾವ ಸೀರಿ ಉಟ್ಟಿದ್ದಿ? ಅದು ಈಗ ಎಲ್ಲೈತಿ?
- ಮುತ್ಯಾ, ನೀ ಸಾಲಿಗೆ ಹೆಂಗ ಹೋಗ್ತಿದ್ದಿ? ಯಾವ ಮಾಸ್ತರ ಹೊಡೀತಿದ್ರು?
- ನನಗ ಈ ಹೆಸರು ಯಾರು ಇಟ್ರು?
- ಅಪ್ಪ ಸಣ್ಣಾಂವ ಇದ್ದಾಗ ಏನ ತುಡುಗು ಮಾಡ್ತಿದ್ದ?
- ನಮ್ಮ ಮನ್ಯಾಗಿನ ಎತ್ತಿನ ಹೆಸರು ಏನಿತ್ತು?

ಸೀರೆಯ ಪ್ರಶ್ನೆಯನ್ನು ಹಾಗೇ ಬಿಡಬೇಡಿ. ಪೆಟ್ಟಿಗೆ ತೆಗೆಸಿ. ಇಳಕಲ್ ಸೀರೆ ಇದ್ದರೆ ಮೈಯ ಎಳೆ ಮತ್ತು ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿದ ಜಾಗ ಎಲ್ಲಿದೆ ಎಂದು ಮಗು ಬೆರಳಿಟ್ಟು ಹುಡುಕಲಿ. ಸೆರಗಿನ ತೋಪ ತೆನಿ ವಿನ್ಯಾಸ ತೋರಿಸಿ. ಗುಳೇದಗುಡ್ಡದ ಖಣದ ಕುಪ್ಪಸ ಇದ್ದರೆ ಅದನ್ನೂ ತೋರಿಸಿ. ಸೀರೆ ಕೈಗೆ ಬಂದ ಕೂಡಲೇ ಆಯಿಯ ಬಾಯಿಂದ ಬರುವ ಕಥೆಗಳೇ ಬೇರೆ.

ಬಾಗಲಕೋಟೆಯವರಿಗೆ ಇನ್ನೊಂದು ಅವಕಾಶವಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಮುಳುಗಿತು, ಜನ ನವನಗರಕ್ಕೆ ಬಂದರು. ನವನಗರದ ಸೆಕ್ಟರ್‌ಗಳಲ್ಲಿ ಹುಟ್ಟಿದ ಮಕ್ಕಳಿಗೆ ಆ ಹಳೇ ಓಣಿ ಬರೀ ಹೆಸರು. ಒಂದು ದೊಡ್ಡ ಹಾಳೆ ಹಾಸಿ, ಮುತ್ಯಾನ ಕೈಗೆ ಪೆನ್ಸಿಲ್ ಕೊಡಿ. "ನಿಮ್ಮ ಮನಿ ಎಲ್ಲಿತ್ತು? ಬಾಜೂಕ ಯಾರಿದ್ರು? ಗಿರಣಿ ಎಲ್ಲಿ? ಹೋಳಿ ಹಲಗಿ ಯಾವ ಹಾದೀಲಿ ಬರ್ತಿತ್ತು?" ಎಂದು ಮಗು ಕೇಳುತ್ತಾ ಹೋಗಲಿ, ಮುತ್ಯಾ ಗೆರೆ ಎಳೆಯುತ್ತಾ ಹೋಗಲಿ. ಗಿಡ, ಕಟ್ಟೆ, ಬಾವಿಗಳಿಗೆ ಮಗು ಬಣ್ಣ ತುಂಬಲಿ. ಎರಡು, ಮೂರು ಭಾನುವಾರ ಹಿಡಿಯುತ್ತದೆ. ಅವಸರ ಮಾಡಬೇಡಿ.

ಕಷ್ಟದ ಕಥೆಗಳನ್ನೂ ಹೇಳಿಸಿ. 1972ರ ಬರ, 2009ರ ಮಹಾಪೂರ, 2019ರ ಆಗಸ್ಟ್‌ನಲ್ಲಿ ನದಿಗಳು ಉಕ್ಕಿದ್ದು. ಆಗ ಮನೆಯಲ್ಲಿ ಏನು ತಿಂದರು, ಯಾರು ಸಹಾಯ ಮಾಡಿದರು, ಏನು ಹೋಯಿತು, ಏನು ಉಳಿಯಿತು. ಬರೀ ಗೆದ್ದ ಕಥೆ ಕೇಳಿ ಬೆಳೆದ ಮಕ್ಕಳಿಗೆ ತಮ್ಮ ಸಣ್ಣ ಸೋಲೂ ದೊಡ್ಡದಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಒಂದೇ ಎಚ್ಚರ: ಕಥೆ ಹೇಳುವವರು "ನಮಗ ಚಪ್ಪಲಿ ಸುದ್ದಾ ಇರಲಿಲ್ಲ, ನಿಮಗ ಎಲ್ಲಾ ಐತಿ, ಆದ್ರೂ..." ಎಂದು ಶುರು ಮಾಡಬಾರದು. ಆ "ಆದ್ರೂ" ಬಂದ ಕೂಡಲೇ ಮಕ್ಕಳ ಕಿವಿ ಮುಚ್ಚಿಕೊಳ್ಳುತ್ತವೆ. ಹಿರಿಯರಿಗೆ ಇದನ್ನು ಮೊದಲೇ, ಬೇಜಾರಾಗದ ಹಾಗೆ ಹೇಳಿಡಿ.

6. ಒಂದು ಸಣ್ಣ ಕೌದಿ ಹೊಲಿಯಿರಿ

ಕೌದಿ ಎಂದರೆ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಅದನ್ನು ಹೊಲಿಯುವುದು ರಜೆಯ ಕೆಲಸ. ಬೇಸಿಗೆ ಮಧ್ಯಾಹ್ನ ಹೊರಗೆ ಹೋಗಲಾಗದಷ್ಟು ಬಿಸಿಲಿರುವಾಗ ಇದಕ್ಕಿಂತ ಒಳ್ಳೆಯದು ಇಲ್ಲ.

ಮೊದಲು ಮನೆಯವರೆಲ್ಲರ ಹಳೆಯ ಬಟ್ಟೆ ಗುಡ್ಡೆ ಹಾಕಿ: ಆಯಿಯ ಸೀರೆ, ಮುತ್ಯಾನ ಧೋತರ, ಅಪ್ಪನ ಅಂಗಿ, ಮಗುವಿನ ಮೊದಲ ವರ್ಷದ ಅಂಗಿ, ಶಾಲೆಯ ಹಳೆ ಯೂನಿಫಾರ್ಮ್. ಹತ್ತಿ ಬಟ್ಟೆಯೇ ಇರಲಿ. ಪಾಲಿಸ್ಟರ್ ಜಾರುತ್ತದೆ, ಮೈಗೂ ಹಿತವಲ್ಲ. ಒಗೆದು ಒಣಗಿಸಿ, ಗುಂಡಿ, ಜಿಪ್, ದಪ್ಪ ಹೊಲಿಗೆ ಕತ್ತರಿಸಿ ತೆಗೆಯಿರಿ. ಗುಂಡಿಗಳನ್ನು ಮಗುವಿಗೆ ಕೊಡಿ.

ಮೊದಲ ಕೌದಿ ಮೂರಡಿ ಉದ್ದ, ಎರಡೂವರೆ ಅಡಿ ಅಗಲ ಇದ್ದರೆ ಸಾಕು. ದೊಡ್ಡದಕ್ಕೆ ಕೈಹಾಕಿದರೆ ಅರ್ಧಕ್ಕೇ ಅಟ್ಟ ಸೇರುತ್ತದೆ. ಕೆಳಗೆ ಹಳೆ ಸೀರೆಯನ್ನು ಮೂರು, ನಾಲ್ಕು ಪದರ ಮಡಚಿ ಹಾಸಿ. ಮೇಲೆ ಯಾವ ತುಂಡು ಎಲ್ಲಿ ಬರಬೇಕು ಎನ್ನುವುದನ್ನು ಮಗು ತೀರ್ಮಾನಿಸಲಿ. ಅಪ್ಪನ ಅಂಗಿ ಪಕ್ಕದಲ್ಲಿ ಯಾರು? ನಡುವೆ ಯಾರು? ಇಲ್ಲೇ ಅರ್ಧ ಮಧ್ಯಾಹ್ನ ಹೋಗುತ್ತದೆ, ಹೋಗಲಿ. ನಂತರ ದೊಡ್ಡ ದೊಡ್ಡ ಟಾಕು ಹಾಕಿ ತುಂಡುಗಳನ್ನು ಹಿಡಿದು ನಿಲ್ಲಿಸಿ. ಆಮೇಲೆ ಅಂಚಿನಿಂದ ಶುರು ಮಾಡಿ ಒಳಕ್ಕೆ ಸಾಲು ಸಾಲಾಗಿ ಸಣ್ಣ ಹೊಲಿಗೆ. ಸಾಲುಗಳ ನಡುವೆ ಒಂದು ಬೆರಳು ಅಂತರ.

ಆಯಿಗೆ ಕಣ್ಣು ಮಂಜಾಗಿದ್ದರೆ ಸೂಜಿಗೆ ದಾರ ಪೋಣಿಸುವ ಕೆಲಸ ಮಗುವಿನದು. ಅದಿಲ್ಲದೆ ಹೊಲಿಗೆ ನಿಂತೇ ಹೋಗುತ್ತದೆ. ಎರಡನೇ ಹಂತದಲ್ಲಿ ಹೇಳಿದ ನಿಜವಾದ ಕೆಲಸ ಇಂಥದ್ದೇ. ಏಳೆಂಟು ವರ್ಷ ದಾಟಿದವರು ಮೂಲೆಯ ಒಂದು ಸಾಲನ್ನು ತಾವೇ ಹಾಕಲಿ. ಸೊಟ್ಟ ಬಂದರೆ ಬಿಚ್ಚಬೇಡಿ.

ಪ್ರತಿ ತುಂಡು ಹೊಲಿಯುವಾಗ "ಇದು ಯಾರದು, ಯಾವಾಗಿನದು?" ಎಂದು ಒಂದು ಮಾತು ಬರಲಿ. ಕೌದಿ ಮುಗಿದ ಮೇಲೆ ಷೋಕೇಸಿನಲ್ಲಿ ಇಡಬೇಡಿ. ಹೊದ್ದುಕೊಳ್ಳಲಿ, ಹೊಲಸು ಮಾಡಲಿ, ಒಗೆಯಿರಿ.

7. ಹಬ್ಬದಲ್ಲಿ ಒಂದು ಭಾಗ ಮಕ್ಕಳದೇ ಆಗಿರಲಿ

ನಮ್ಮ ಕಡೆಯ ಹಬ್ಬಗಳಲ್ಲಿ ಮಕ್ಕಳ ಪಾಲು ಮೊದಲೇ ಇದೆ, ಹೊಸದಾಗಿ ಸೇರಿಸಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ಬಣ್ಣದ ಎತ್ತು ತರುವ ಬದಲು ಮಣ್ಣು ತಂದುಕೊಡಿ. ಕಾಲು ಮುರಿದ ಎತ್ತನ್ನೂ ಪೂಜೆಗೆ ಇಡಿ. ನಾಗರ ಪಂಚಮಿಯ ಜೋಕಾಲಿ ಕಟ್ಟುವಾಗ ಹಗ್ಗ ಹಿಡಿಯುವುದು ಅವರ ಕೆಲಸ, ಉಂಡಿ ಕಟ್ಟುವುದೂ ಅವರದೇ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ತಟ್ಟೆ ಜೋಡಿಸಲಿ. ದಸರೆಯಲ್ಲಿ ಓಣಿಯ ಹಿರಿಯರಿಗೆಲ್ಲ ಬನ್ನಿ ಕೊಟ್ಟು ಬರಲು ಮಕ್ಕಳನ್ನೇ ಕಳಿಸಿ, ನೀವು ಹಿಂದೆ ಹೋಗಬೇಡಿ. "ಬನ್ನಿ ತಗೊಂಡು ಬಂಗಾರದಂಗ ಇರೂಣ" ಎಂದು ಹತ್ತು ಮನೆಯಲ್ಲಿ ಹೇಳಿ ಬಂದ ಮಗುವಿಗೆ ಓಣಿ ತನ್ನದು ಎನಿಸುತ್ತದೆ.

ತಿರುಗಾಟವೂ ಹೀಗೇ. ಹೊಸ ಹೊಸ ಜಾಗಕ್ಕಿಂತ ಒಂದೇ ಜಾಗಕ್ಕೆ ಬೇರೆ ಬೇರೆ ಕಾಲದಲ್ಲಿ ಹೋಗುವುದು ನನಗೆ ಇಷ್ಟ. ಬೆಳಗಾವಿ ಕಡೆಯವರು ಗೋಕಾಕ ಜಲಪಾತವನ್ನು ಮಳೆಗಾಲದಲ್ಲೂ ನೋಡಲಿ, ಬಂಡೆ ಮಾತ್ರ ಕಾಣುವ ಬೇಸಿಗೆಯಲ್ಲೂ ನೋಡಲಿ. ವಿಜಯಪುರದವರಿಗೆ ಗೋಲಗುಮ್ಮಟ ಇದೆ. 1656ರಲ್ಲಿ ಮುಗಿದ ಆ ಕಟ್ಟಡದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಲ್ಲರೂ ಕಿರಚುತ್ತಾರೆ. ಜನ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಮಗು ಈ ಕಡೆಯ ಗೋಡೆಗೆ, ನೀವು ಆ ಕಡೆಯ ಗೋಡೆಗೆ ಕಿವಿಯಿಟ್ಟು ಮೆಲ್ಲಗೆ ಮಾತಾಡಿ ನೋಡಿ.

8. ಚೀಟಿ ಡಬ್ಬಿ

ಹಾರ್ವರ್ಡ್‌ನ ಟಿಂಗ್ ಝಾಂಗ್ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ಆಡಿದ ಮಾತು, ಕೇಳಿದ ಹಾಡು, ಇಂಥ ಸಾದಾ ಸಂಗತಿಗಳನ್ನು ಜನ ಬರೆದಿಟ್ಟರು. ಮೂರು ತಿಂಗಳ ನಂತರ ಓದುವಾಗ ತಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕುತೂಹಲ, ಹೆಚ್ಚು ಖುಷಿ ಅವರಿಗಾಯಿತು. ವಿಶೇಷ ದಿನಗಳಿಗಿಂತ ಸಾಮಾನ್ಯ ದಿನಗಳ ವಿಷಯದಲ್ಲೇ ಅವರ ಅಂದಾಜು ಹೆಚ್ಚು ತಪ್ಪಿತ್ತು.

ಹಾಗಾಗಿ ಒಂದು ಬಿಸ್ಕಿಟ್ ಡಬ್ಬಿ ತೊಳೆದು ಇಡಿ. ಅಮಾವಾಸ್ಯೆ, ಹುಣ್ಣಿಮೆಗೆ ಒಬ್ಬೊಬ್ಬರು ಒಂದೊಂದು ಚೀಟಿ. ಮೇಲೆ ತಾರೀಖು, ಕೆಳಗೆ ಎರಡು ಸಾಲು. "ಇವತ್ತು ಪುಂಡಿ ಪಲ್ಯ. ಕಾಕಾ ಊಟಕ್ಕೆ ಕೂತಾಗ ಬೆಕ್ಕು ಬಂತು." ಇಷ್ಟೇ ಸಾಕು. "ನಾನು ನನ್ನ ಕುಟುಂಬವನ್ನು ಪ್ರೀತಿಸುತ್ತೇನೆ" ಎಂದು ಬರೆಸಬೇಡಿ, ಅದು ಶಾಲೆಯ ನಿಬಂಧ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ, ಓದು ಬರಹ ಬಾರದ ಆಯಿ ಹೇಳಲಿ, ಮಗು ಬರೆದುಕೊಳ್ಳಲಿ. ಡಬ್ಬಿ ತೆರೆಯುವುದು ಯುಗಾದಿಗೆ. ಅಲ್ಲಿಯವರೆಗೆ ಯಾರೂ ಕೈಹಾಕಬಾರದು. ಓದುವಾಗ ಅಕ್ಷರ ತಪ್ಪು ತಿದ್ದಬಾರದು.

ಬೇಡ ಎನ್ನುವ ಮಕ್ಕಳು, ದೂರ ಇರುವ ಮಕ್ಕಳು

ಹದಿನಾಲ್ಕು, ಹದಿನೈದರ ಹುಡುಗರಿಗೆ ಇದೆಲ್ಲ ಬೋರ್ ಅನಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಅಮಿತ್ ಭಟ್ಟಾಚಾರ್ಜೀ ಮತ್ತು ಕ್ಯಾಸಿ ಮೊಗಿಲ್ನರ್ 2014ರಲ್ಲಿ ದೊಡ್ಡವರಲ್ಲೇ ಈ ಫರಕು ಕಂಡರು. ಹರೆಯದವರಿಗೆ ಅಪರೂಪದ ಅನುಭವಗಳಿಂದ ಹೆಚ್ಚು ಸಂತೋಷ. ವಯಸ್ಸಾದಂತೆ ಸಾಮಾನ್ಯ ಸಂಗತಿಗಳೂ ಅಷ್ಟೇ ಸಂತೋಷ ಕೊಡತೊಡಗುತ್ತವೆ. ಇಪ್ಪತ್ತರವರೇ ಹೀಗಿದ್ದರೆ ಹದಿನಾಲ್ಕರವನನ್ನು ಬೈದು ಏನು ಪ್ರಯೋಜನ? ಅವನಿಗೆ ಗೆಳೆಯರನ್ನೂ ಕರೆತರಲು ಹೇಳಿ. ಮಿರ್ಚಿ ಭಜಿ ಕರಿಯುವ ಜವಾಬ್ದಾರಿ ಅವನದೇ, ಅವನ ಪಾಡಿಗೆ ಬಿಡಿ. ಬರಲಿಲ್ಲವೋ, ಕೆಲಸ ಮುಂದುವರಿಸಿ. ಚಾಕಲೇಟ್, ದುಡ್ಡಿನ ಆಸೆ ತೋರಿಸಿ ಕರೆಯಬೇಡಿ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಲೇಬೇಡಿ.

ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹೇಗಿದ್ದರೂ ಕಳಿಸುತ್ತೀರಿ. ಆ ಡಬ್ಬಿಯಲ್ಲಿ ತಮ್ಮ ತಂಗಿಯರ ಚೀಟಿಯೂ ಇರಲಿ. ರಜೆಗೆ ಬಂದಾಗ ಅತಿಥಿಯಂತೆ ಕೂರಿಸಬೇಡಿ. ಬಂದ ಮಾರನೇ ದಿನವೇ ಅವರ ಹಳೆಯ ಕೆಲಸ ಅವರಿಗೇ ಕೊಡಿ.

ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋದ ಅಪ್ಪಂದಿರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಅವರಿಗೆ ಸಿಗುವುದು ರಾತ್ರಿ ಹತ್ತು ನಿಮಿಷದ ಕರೆ. "ಊಟ ಆತಾ? ಓದಿದಿ? ಅವ್ವಗ ಫೋನ್ ಕೊಡು" ಎನ್ನುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಮಗುವಿಗೆ ದಿನವೂ ಅಪ್ಪನಿಗಾಗಿ ಒಂದು ಸುದ್ದಿ ಹುಡುಕಿಡಲು ಹೇಳಿ. ಎಮ್ಮೆ ಕರು ಹಾಕಿದ್ದು, ಹಲ್ಲು ಅಲುಗಾಡುತ್ತಿರುವುದು, ಆಯಿ ನಕ್ಕಿದ್ದು, ಏನಾದರೂ ಆಗಬಹುದು. ಅಪ್ಪನೂ ಒಂದು ಸುದ್ದಿ ಇಟ್ಟುಕೊಂಡಿರಬೇಕು: ಇವತ್ತು ಯಾರ ಜೊತೆ ಊಟ ಮಾಡಿದ, ಏನು ಪಲ್ಯ, ಕೆಲಸದ ಜಾಗದಲ್ಲಿ ಏನು ಕಂಡ. ಮೊದಲು ಆ ಎರಡು ಸುದ್ದಿ ಆಗಲಿ. ಮಾರ್ಕ್ಸ್, ಫೀಸಿನ ಮಾತು ಆಮೇಲೆ.